ಸತ್ತ ಕೋಳಿ ಇಟ್ಟ ಮೊಟ್ಟೆ

ಹಜರಾ ಬೀ ಕಿರುಚಿದ ರಭಸಕ್ಕೆ ಹಿತ್ತಲಲ್ಲಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅಡುಗೆಮನೆಗೆ ಓಡಿಬಂದರು. ಆಕೆ ಬೆಂದ ಮೊಟ್ಟೆಯೊಂದನ್ನು ದಾರದಿಂದ ಆಗಷ್ಟೇ ಎರಡು ಹೋಳು ಮಾಡಿದ್ದಳು. ಹಳದಿಯ ಒಳಗೆ, ಕಂಪಾಸು ಇಟ್ಟು ಗೀರಿದಷ್ಟು ಗುಂಡಗೆ, ಕೆಂಪು ಬಳೆಯೊಂದು ಕೂತಿತ್ತು.

ಅವತ್ತು ತುಮಕೂರಿನ ಆ ಮನೆಯಲ್ಲಿ ಮೊಮ್ಮಗುವಿನ ಚಿಲ್ಲಾ. ನಲವತ್ತನೆಯ ದಿನದ ಸ್ನಾನ ಮುಗಿಸಿ ಬಾಣಂತಿಯನ್ನು ಕೋಣೆಯಿಂದ ಹೊರಗೆ ಕರೆತರುವ ಹಬ್ಬ. ಅಂಥ ದಿನ ಬಿರಿಯಾನಿಗೆಂದು ತಂದ ಮೊಟ್ಟೆಯೊಳಗೆ ರಕ್ತ ಕಂಡರೆ ಯಾರ ಎದೆ ತಾನೇ ಧಸಕ್ಕೆನ್ನದು? ಯಾರೋ ಮಾಟ ಮಾಡಿಸಿದ್ದಾರೆ ಅಂದಳು ಒಬ್ಬಳು. ಮಾಟವೋ ಏನೋ, ಹರಾಮಂತೂ ಹೌದು, ಮೊದಲು ಆಚೆ ಎಸೆಯಿರಿ ಅಂದಳು ಇನ್ನೊಬ್ಬಳು. ಬಾಣಂತಿ ಮಗುವನ್ನು ಅವುಚಿಕೊಂಡು ಅಳಲು ಶುರುಮಾಡಿದಳು. ಹಜರಾ ಬೀ ಹಿಂದೆಮುಂದೆ ನೋಡದೆ ಇಡೀ ಪಾತ್ರೆಯನ್ನೆತ್ತಿ ಬೀದಿಯ ಮೋರಿಗೆ ಸುರಿದು ಬಂದಳು.

ಅವಳ ತಂಗಿಯ ಮಗಳು ಡಾಕ್ಟರ್ ಫಾತಿಮುನ್ನೀಸಾ ಗಲಾಟೆ ಕೇಳಿ ಒಳಗೆ ಬಂದಾಗ ನೆಲದ ಮೇಲೆ ಅರ್ಧ ಹೋಳು ಮಾತ್ರ ಉಳಿದಿತ್ತು. ಬಗ್ಗಿ ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ, ಕಳೆದ ಶುಕ್ರವಾರದಿಂದ ತುಟಿ ಬಿಚ್ಚದಿದ್ದ ಹುಡುಗಿ, ಎಲ್ಲರೆದುರು ಗಟ್ಟಿಯಾಗಿ ನಕ್ಕುಬಿಟ್ಟಳು.

"ಖಾಲಾ, ಇದು ರಕ್ತ ಅಲ್ಲ. ಇದು ನಂದು," ಅಂದಳು.

ಮೊಟ್ಟೆಯ ಜೊತೆಗೆ ಹುಡುಗಿಗೂ ಏನೋ ಮೆಟ್ಟಿಕೊಂಡಿದೆ ಎಂದು ಹೆಂಗಸರಿಗೆ ಖಾತ್ರಿಯಾಯಿತು. ಅವಳೋ ಸೀರೆ ಎತ್ತಿ ಸಿಕ್ಕಿಸಿಕೊಂಡು, ನೆಂಟರಿಷ್ಟರೆಲ್ಲ ನೋಡುತ್ತಿದ್ದಂತೆ ಮೋರಿಗೇ ಇಳಿದಳು. ಮೂರು ಮೊಟ್ಟೆ ಸಿಕ್ಕಿದವು. ಬೀದಿ ನಲ್ಲಿಯಲ್ಲಿ ತೊಳೆದು ಅಲ್ಲೇ ಕುಯ್ದಳು. ಮೂರರೊಳಗೂ ಅದೇ ಬಳೆ ಇತ್ತು.

ಅವಳ ಕೋಳಿಗಳು ಬದುಕಿದ್ದವು.

ಕೋಳಿ ತಿಂದದ್ದು ಕೋಳಿಯ ಮೈಯಲ್ಲಿ ಏನಾಗುತ್ತದೆ ಎಂಬುದೇ ಅವಳ ಸಂಶೋಧನೆ. ದುಬಾರಿ ಕಡಲೆಕಾಯಿ ಹಿಂಡಿಯ ಬದಲು ನಮ್ಮ ಸೀಮೆಯ ಕೊಬ್ಬರಿ ಹಿಂಡಿ, ರಾಗಿ ಬಳಸಿ ರೈತರು ಮನೆಯಲ್ಲೇ ಕಲಸಿಕೊಳ್ಳುವಂಥ ಫೀಡೊಂದನ್ನು ಅವಳು ಸಿದ್ಧಪಡಿಸಿದ್ದಳು. ಕಳೆದ ಗುರುವಾರ ರೈತರಿಗೆ ಅದನ್ನೇ ತಿಳಿಸಲು ಕುಣಿಗಲ್‌ಗೆ ಹೋಗಿದ್ದವಳು ಮರುದಿನ ಬೆಳ್ಳಾವಿ ರಸ್ತೆಯ ಸಂಶೋಧನಾ ಕೇಂದ್ರಕ್ಕೆ ಮರಳಿದಾಗ ಶೆಡ್ಡು ಖಾಲಿ. ರಾತ್ರಿ ಕೋಳಿಗಳೆಲ್ಲ ಸತ್ತವಂತೆ. ರೋಗ ಹರಡೀತೆಂದು ಕೇಂದ್ರದವರು ಗುಂಡಿ ತೋಡಿ, ಸುಣ್ಣ ಸುರಿದು, ಅವಳು ಬರುವ ಮೊದಲೇ ಮುಚ್ಚಿದ್ದರು. ಕೋಳಿ ನೋಡಿಕೊಳ್ಳುತ್ತಿದ್ದ ಬಾಬಾ ಜಾನ್ ಅದೇ ರಾತ್ರಿಯಿಂದ ಕಾಣೆ. ಡಾಕ್ಟರಮ್ಮನ ಫೀಡು ವಿಷ, ಬಾಬಾ ಜಾನ್ ಹೆದರಿ ಓಡಿಹೋದ ಎಂದು ಊರೇ ತೀರ್ಪು ಕೊಟ್ಟು ಕೈ ತೊಳೆದುಕೊಂಡಿತ್ತು.

ಊರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹೆಣ್ಣಾಗಿದ್ದರೆ ಅವಳು ಕೋಳಿಯ ಹಿಂದೆ ಬೀಳುತ್ತಲೇ ಇರಲಿಲ್ಲ. ಮೋರಿಯ ವಾಸನೆಯ ಸೀರೆಯಲ್ಲೇ ಅವಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು.

ಸಬ್ ಇನ್ಸ್‌ಪೆಕ್ಟರ್ ಹೊನ್ನಯ್ಯ ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎಲೆಯ ಮೇಲೆ ಕೂತಿದ್ದ ಅರ್ಧ ಮೊಟ್ಟೆಯನ್ನು ನೋಡಿದರು.

"ಏನ್ ಮೇಡಂ, ತಿಂಡಿ ತಂದ್ರಾ?"

"ಸಾಕ್ಷಿ ತಂದಿದೀನಿ."

ಹೊನ್ನಯ್ಯ ಕೆಟ್ಟವರಲ್ಲ. ಆದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೇಸೆಂದರೆ ಅವರಿಗೆ ಬಲು ಪ್ರೀತಿ. ಬಾಬಾ ಜಾನ್ ಓಡಿಹೋದ ಎಂದು ಬರೆದು ಮುಗಿಸಿದ ಕೇಸು ಮತ್ತೆ ಮೇಜಿನ ಮೇಲೆ ಬಂದು ಕೂತದ್ದು ಅವರಿಗೆ ಹಿಡಿಸಲಿಲ್ಲ. ಫಾತಿಮುನ್ನೀಸಾ ಅವರ ಮುಖ ನೋಡದೆ ಬೆರಳಿನಿಂದ ಬಳೆಯನ್ನು ತೋರಿಸುತ್ತ ಬಿಡಿಸಿ ಹೇಳಿದಳು.

ಮೊಟ್ಟೆಯ ಹಳದಿ ಒಂದೇ ದಿನದಲ್ಲಿ ಆಗುವುದಲ್ಲ. ಕೋಳಿಯ ಹೊಟ್ಟೆಯಲ್ಲಿ ವಾರಕ್ಕೂ ಮಿಕ್ಕಿ, ದಿನಕ್ಕೊಂದು ಪದರದಂತೆ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ಇವತ್ತು ತಿಂದದ್ದು ಇವತ್ತಿನ ಪದರಕ್ಕೆ ಸೇರುತ್ತದೆ. ತನ್ನ ಫೀಡು ಎಷ್ಟು ಬೇಗ ಹಳದಿಗೆ ಹೋಗಿ ಸೇರುತ್ತದೆಂದು ತಿಳಿಯಲು ಅವಳು ಕೊಬ್ಬಿನಲ್ಲಿ ಮಾತ್ರ ಕರಗುವ ಒಂದು ಕೆಂಪು ಬಣ್ಣವನ್ನು ಗುಳಿಗೆ ಕಟ್ಟಿದ್ದಳು. ಕಳೆದ ಬುಧವಾರ ಅವಳು ಗುಳಿಗೆ ಕೊಟ್ಟಂತೆ ಕೊಟ್ಟಂತೆ ಬಾಬಾ ಜಾನ್ ಒಂದೊಂದೇ ಕೋಳಿಯ ಗಂಟಲಿಗೆ ಹೆಬ್ಬೆರಳಿಂದ ಇಳಿಸಿ, ಮಿಕ್ಕ ಗುಳಿಗೆಗಳನ್ನು ಜೇಬಿಗೆ ಹಾಕಿಕೊಂಡಿದ್ದ. ಆ ಬಣ್ಣ ಮದರಾಸಿನಿಂದ ತರಿಸಿದ್ದು. ಈ ಸೀಮೆಯಲ್ಲಿ ಅದು ಇನ್ನಾರ ಬಳಿಯೂ ಇರಲಿಲ್ಲ. ಇಂಥದೊಂದು ಪ್ರಯೋಗ ನಡೆದಿದೆ ಎಂಬುದೇ ಅವರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಬಳೆ ಮೇಲೆ ಎಷ್ಟು ದಪ್ಪ ಹಳದಿ ಇದೆ ನೋಡಿ ಸರ್. ಗುಳಿಗೆ ತಿಂದ ಮೇಲೂ ಈ ಕೋಳಿ ದಿನಾ ಹೊಟ್ಟೆ ತುಂಬ ತಿಂದಿದೆ. ಆಮೇಲೆ ಮೊಟ್ಟೆ ಇಟ್ಟಿದೆ. ಗುರುವಾರ ರಾತ್ರಿ ಸತ್ತ ಕೋಳಿ ಭಾನುವಾರದ ತನಕ ಹೆಂಗೆ ತಿಂತು?"

ಹೊನ್ನಯ್ಯ ಮೊಟ್ಟೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಕೋಳಿ ಎಲ್ಲೋ ಕುಂಕುಮವನ್ನೋ ಒಣಮೆಣಸಿನಕಾಯಿಯನ್ನೋ ತಿಂದಿರಬಾರದೇ ಎಂದು ಕೇಳಿ ನೋಡಿದರು. ತಿಂದರೆ ಹಳದಿಯೆಲ್ಲ ಒಂದಿಷ್ಟು ಕೆಂಪಾದೀತು, ಹೀಗೆ ಒಂದೇ ದಿನದ ಗೆರೆ ಬೀಳದು ಎಂದಳು. ಅವರು ಮೊಟ್ಟೆಯನ್ನು ಮತ್ತೆ ಎಲೆಯ ಮೇಲಿಟ್ಟು, ಇದನ್ನು ಎಲ್ಲಿಂದ ತಂದದ್ದು ಎಂದು ಕೇಳಿದರು. ಆ ಕೆಲಸವನ್ನೂ ಅವಳು ದಾರಿಯಲ್ಲೇ ಮುಗಿಸಿದ್ದಳು. ಮಂಡಿಪೇಟೆಯ ಮುನಾವರ್ ಪಾಷಾ ಅಂಗಡಿಯ ಮೊಟ್ಟೆ. ಅವನಿಗೆ ಮೊಟ್ಟೆ ಬರುವುದು ಗುಬ್ಬಿಯ ಚನ್ನವೀರಯ್ಯನವರ ಫಾರಂನಿಂದ.

ಆ ಹೆಸರು ಕೇಳಿದ್ದೇ ಹೊನ್ನಯ್ಯನವರ ಬೆನ್ನು ಕುರ್ಚಿಗೆ ಅಂಟಿತು. ಗುಬ್ಬಿಯಿಂದ ಕುಣಿಗಲ್‌ವರೆಗೆ ಕೋಳಿ ಸಾಕುವವರೆಲ್ಲ ಕೊಳ್ಳುವುದು ಚನ್ನವೀರಯ್ಯನವರ ಕಾರ್ಖಾನೆಯ ಫೀಡು. ಫಾತಿಮುನ್ನೀಸಾ ಕೂತಿದ್ದ ಬೆಂಚು ಕೂಡ ಅವರು ಠಾಣೆಗೆ ದಾನ ಕೊಟ್ಟದ್ದೇ. ಹಿಂದುಗಡೆ ಹೆಸರು ಬರೆಸಿದ್ದರು.

"ದೊಡ್ಡೋರು ಮೇಡಂ. ಬರೀ ಮೊಟ್ಟೆ ಹಿಡ್ಕಂಡು ಅವ್ರ ಗೇಟಲ್ಲಿ ನಿಲ್ಲಕ್ಕಾಯ್ತದಾ?"

"ನೀವು ಬರದಿದ್ರೆ ನಾನೊಬ್ಳೇ ನಿಲ್ತೀನಿ. ಕುಣಿಗಲ್‌ನಲ್ಲಿ ಬಾಬಾ ಜಾನ್ ಹೆಂಡ್ತಿ ಕುಲ್ಸುಂ ಬೀ ಬೀದಿ ಕಡೆ ಬಾಗ್ಲು ತೆಗೀತಿಲ್ಲ. ಓಡಿಹೋದೋನ ಹೆಂಡ್ತಿ ಅಂತ ನೀರಿಗೆ ಹೋದಲ್ಲಿ ಆಡ್ಕೋತಾರೆ. ಆಕೆಗೆ ಹೋಗಿ ಏನ್ ಹೇಳ್ಲಿ? ಬೆಂಚು ಕೊಟ್ಟೋರು ದೊಡ್ಡೋರು ಅಂತ್ಲಾ?"

ಹೊನ್ನಯ್ಯ ಟೋಪಿ ಎತ್ತಿಕೊಂಡರು.

ಚನ್ನವೀರಯ್ಯನವರ ಫಾರಂ ಗುಬ್ಬಿ ದಾಟಿದ ಮೇಲೆ, ತೆಂಗಿನ ತೋಟದ ನಡುವೆ. ಸುಣ್ಣ ಬಳಿದ ಉದ್ದುದ್ದ ಶೆಡ್ಡುಗಳು, ಮುಂದೆ ಒಂದು ಆಫೀಸು. ಅರವತ್ತು ದಾಟಿದ ಚನ್ನವೀರಯ್ಯ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಇಬ್ಬರನ್ನೂ ಕೈಮುಗಿದು ಕರೆದು, ಎಳನೀರು ತರಿಸಿದರು. ಫಾತಿಮುನ್ನೀಸಾ ಎಳನೀರು ಮುಟ್ಟಲಿಲ್ಲ.

ಸತ್ತ ಕೋಳಿಗಳ ವಿಷಯ ಕೇಳಿ ತಮಗೂ ಸಂಕಟವಾಯಿತು ಎಂದು ಚನ್ನವೀರಯ್ಯ ಹೇಳಿದರು. ಓದಿದ ಹೆಣ್ಣುಮಕ್ಕಳು ಆತುರ ಪಟ್ಟರೆ ಹೀಗಾಗುತ್ತದೆ, ಮೂಕಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಮುಂಚೆ ಅನುಭವಸ್ಥರನ್ನು ಕೇಳಬೇಕಿತ್ತು ಎಂದೂ ಸೇರಿಸಿದರು. ಅವಳ ಮೈಯೆಲ್ಲ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ.

"ನನ್ನ ಕೋಳಿ ನಿಮ್ಮ ಶೆಡ್ಡಲ್ಲಿದಾವೆ ಯಜಮಾನ್ರೇ."

ಚನ್ನವೀರಯ್ಯ ನಕ್ಕರು. "ಎಲ್ಲಾ ಬಿಳೀ ಕೋಳಿ ಕಣಮ್ಮ. ನಿಂದ್ಯಾವ್ದು ನಂದ್ಯಾವ್ದು ಅಂತ ಅವೇ ಹೇಳ್ತವಾ?"

"ಹೇಳ್ತವೆ. ಇವತ್ತಿನ ಮೊಟ್ಟೆ ತರ್ಸಿ. ಬೇಯ್ಸಿ ಕುಯ್ದು ನೋಡಣ."

ಆಗ ಆ ಮನುಷ್ಯನ ಮುಖದಲ್ಲಿ ಕಂಡದ್ದನ್ನು ಅವಳು ಮೊದಲು ಭಯ ಅಂದುಕೊಂಡಳು. ಅದು ಭಯವಲ್ಲ, ಹೇಸಿಗೆ. ತಮ್ಮ ಆಫೀಸಿನ ಹತ್ತಿರ ಮೊಟ್ಟೆ ಬೇಯಿಸುವಂತಿಲ್ಲ, ಬೇಕಾದರೆ ಆಳುಗಳ ಒಲೆಯ ಕಡೆ ಹೋಗಿ ಎಂದರು. ಅವಳಿಗೆ ತಟ್ಟನೆ ಎಲ್ಲ ಹೊಳೆಯಿತು. ಇವರದು ಮೊಟ್ಟೆ ಒಡೆಯದ ಮನೆ. ತಾತನ ಕಾಲದಿಂದಲೂ ಮಾಂಸ ಮೊಟ್ಟೆ ಕಂಡವರಲ್ಲ. ದಿನಾ ಸಾವಿರಗಟ್ಟಲೆ ಮೊಟ್ಟೆ ಲಾರಿಗೆ ಏರಿಸಿದರೂ ಒಂದನ್ನಾದರೂ ಬಿಚ್ಚಿ ಒಳಗೇನಿದೆ ಎಂದು ನೋಡಿದವರಲ್ಲ. ಅದು ಅವರವರ ಆಚಾರ, ಅದರಲ್ಲಿ ತಪ್ಪು ಹುಡುಕಲು ನಾವು ಯಾರು? ಆದರೆ ಕೋಳಿ ಕದಿಯುವವರಿಗೆ ಮಾತ್ರ ಅದು ತೊಡಕಿನ ಆಚಾರ. ಬೇರೆ ಯಾರೇ ಕದ್ದಿದ್ದರೂ ಎರಡನೆಯ ದಿನವೇ ಆಮ್ಲೆಟ್ಟಿನ ಬಾಣಲೆಯಲ್ಲಿ ಕೆಂಪು ಕಂಡು, ಆ ಮೊಟ್ಟೆಗಳನ್ನೆಲ್ಲ ಹೂತುಹಾಕುತ್ತಿದ್ದರು. ಇವರು ಕೋಳಿಯ ಕಾಲಿಗೆ ಕೇಂದ್ರದವರು ತೊಡಿಸಿದ್ದ ಗುರುತಿನ ಬಳೆಗಳನ್ನು ಜೋಪಾನವಾಗಿ ಕತ್ತರಿಸಿ ತೆಗೆಸಿ, ಒಳಗೆ ಬಳೆಯಿದ್ದ ಮೊಟ್ಟೆಗಳನ್ನು ಮಂಡಿಪೇಟೆಗೆ ಕಳಿಸಿದ್ದರು.

ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆ. ಹೊಂಬಾಳಮ್ಮ ಎಂಬ ಆಳು ಹೆಂಗಸು ನೀರಿಟ್ಟಳು. ಮೊದಲು ಬಂದ ತಟ್ಟೆಯ ಮೊಟ್ಟೆಗಳು ಬೆಂದವು. ಫಾತಿಮುನ್ನೀಸಾ ದಾರ ಹಾಕಿ ಒಂದು ಕುಯ್ದಳು. ಹಳದಿ ಬರೀ ಹಳದಿ. ಇನ್ನೊಂದು, ಮತ್ತೊಂದು. ಒಂದರಲ್ಲೂ ಗೆರೆಯಿಲ್ಲ. ದೂರ ನಿಂತು ಬೇರೆ ಕಡೆ ನೋಡುತ್ತಿದ್ದ ಚನ್ನವೀರಯ್ಯ, ಆಯ್ತಾ, ಇನ್ನು ಹೊರಡಬಹುದಾ ಎಂದು ಕೇಳಿದರು. ಹೊನ್ನಯ್ಯ ಕೆಮ್ಮಿದರು.

"ಎಲ್ಲಾ ಶೆಡ್ಡಿಂದೂ ತಂದ್ಯಾ?" ಎಂದು ಅವಳು ಹೊಂಬಾಳಮ್ಮನನ್ನು ಕೇಳಿದಳು.

ಹೊಂಬಾಳಮ್ಮ ಒಲೆ ಊದುತ್ತ ಯಜಮಾನರ ಕಡೆ ನೋಡಿದಳು. ಆಮೇಲೆ ಹೊನ್ನಯ್ಯನವರ ಟೋಪಿಯ ಕಡೆ ನೋಡಿದಳು. "ಕೊನೇ ಶೆಡ್ಡಿಗೆ ನಮ್ಮುನ್ನ ಬುಡಾಕಿಲ್ಲ ಕಣವ್ವ. ಬೀಗ ಹಾಕವ್ರೆ," ಅಂದಳು.

ಬೀಗ ತೆಗೆಸಲು ಹೊನ್ನಯ್ಯನವರು ಮೊದಲ ಬಾರಿಗೆ ಪೊಲೀಸರಂತೆ ಮಾತಾಡಬೇಕಾಯಿತು. ಒಳಗಿದ್ದದ್ದು ಬರೀ ಕೋಳಿಗಳು, ಅವುಗಳ ಮುಂದೆ ಫೀಡಿನ ತೊಟ್ಟಿ. ಫಾತಿಮುನ್ನೀಸಾ ತೊಟ್ಟಿಯಿಂದ ಒಂದು ಹಿಡಿ ತೆಗೆದು ಮೂಸಿದಳು. ಕೊಬ್ಬರಿ ಹಿಂಡಿಯ ವಾಸನೆ, ಅವಳದೇ ಫೀಡು. ಗೂಡಿನಲ್ಲಿ ಇನ್ನೂ ಬೆಚ್ಚಗಿದ್ದ ಮೊಟ್ಟೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಒಲೆಯ ಹತ್ತಿರ ಬಂದಳು.

ದಾರ ಎಳೆದಾಗ ಹಳದಿಯ ನಟ್ಟನಡುವೆ, ಮೂಗುಬೊಟ್ಟಿನಷ್ಟು ಚಿಕ್ಕದಾಗಿ, ಕೆಂಪು ಬಳೆ ಕಂಡಿತು.

"ನೋಡ್ಕೊಳ್ಳಿ ಸರ್," ಅಂದಳು ಅವಳು. "ನನ್ನ ಫೀಡು ಯಾರನ್ನೂ ಕೊಂದಿಲ್ಲ. ಆ ಗುಂಡೀಲಿ ಸುಣ್ಣ ಹಾಕಿ ಮುಚ್ಚಿರೋದು ಈ ಯಜಮಾನ್ರ ಕೋಳಿ. ಇವ್ರದೇ ಕಾರ್ಖಾನೆಯ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸತ್ತಿರ್ತವೆ, ತಪ್ಪು ನನ್ನ ಫೀಡಿನ ಮೇಲೆ ಬೀಳ್ಲಿ ಅಂತ ನನ್ನ ಶೆಡ್ಡಿಗೆ ತಂದು ಹಾಕಿದಾರೆ. ಅಗ್ಸಿ ನೋಡಿ, ಬೇಕಾದ್ರೆ ನಾನೇ ಗುದ್ಲಿ ಹಿಡೀತೀನಿ."

ಚನ್ನವೀರಯ್ಯ ಆ ಹೋಳನ್ನು ದೂರದಿಂದಲೇ ನೋಡಿದರು. ಬೈಯುತ್ತಾರೆ, ಇಲ್ಲವೆನ್ನುತ್ತಾರೆ ಎಂದು ಅವಳು ಸಿದ್ಧಳಾಗಿದ್ದಳು. ಅವರು ಹಾಗೇನೂ ಮಾಡಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ತಪ್ಪು ಒಪ್ಪಿಕೊಳ್ಳುವವರ ಹಾಗೆ ಹೊನ್ನಯ್ಯನವರ ಮುಂದೆ ಬಂದು ನಿಂತರು.

ಕೋಳಿಗಳನ್ನು ತಮಗೆ ಮಾರಿದ್ದು ಬಾಬಾ ಜಾನ್ ಎಂದರು. ಕೇಂದ್ರದ ಕೋಳಿಗಳೆಂದು ತಮಗೆ ಗೊತ್ತಿರಲಿಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದೊಂದೇ ತಮ್ಮ ತಪ್ಪು. ಬದಲಿಗೆ ಶೆಡ್ಡಿನಲ್ಲಿ ಸತ್ತ ಕೋಳಿ ಹಾಕುವ ಉಪಾಯವೂ ಅವನದೇ ಇರಬೇಕು. ಆಮೇಲೆ ಸುದ್ದಿ ತಿಳಿದಾಗ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದರಂತೆ.

"ಶುಕ್ರವಾರ ಬೆಳಿಗ್ಗೆ ದುಡ್ಡು ಇಸ್ಕಂಡ. ಬೊಂಬಾಯಿಗೆ ಹೋಯ್ತೀನಿ ಅಂದ. ನಾನೇ ರೈಲು ಹತ್ತಿಸ್ದೆ ಸ್ವಾಮಿ. ಆವತ್ತಿಂದ ಅವನ ಮುಖ ನೋಡಿದ್ರೆ ಕೇಳಿ."

ಹೊನ್ನಯ್ಯನವರ ಮುಖ ಅರಳಿತು. ಹತ್ತು ನಿಮಿಷದಲ್ಲಿ ಮುಗಿಯುವ ಕೇಸು ಮತ್ತೆ ಸಿಕ್ಕಿತ್ತು. ಅವರು ಫಾತಿಮುನ್ನೀಸಾಳಿಗೆ ಮನಸಾರೆ ಶಹಬ್ಬಾಸ್ ಹೇಳಿದರು. ಅವಳ ಫೀಡಿನ ಮೇಲಿನ ಅಪವಾದ ಇವತ್ತಿಗೆ ತೊಳೆದುಹೋಯಿತು, ಕೇಂದ್ರಕ್ಕೆ ನಾವೇ ಬರೆದು ತಿಳಿಸುತ್ತೇವೆ, ಇನ್ನು ಬೊಂಬಾಯಿ ಪೊಲೀಸರಿಗೆ ತಂತಿ ಕೊಟ್ಟರಾಯಿತು, ಕಳ್ಳ ಎಲ್ಲಿ ಹೋಗುತ್ತಾನೆ ಎಂದರು. ಜೀಪಿನಲ್ಲೇ ಬಿಟ್ಟುಬಂದಿದ್ದ ಪೇದೆಯ ಕಡೆ ನಡೆದರು.

ಅವಳು ಕೇಳಿದ್ದು ಇದನ್ನಲ್ಲ. ಅವಳ ಹೆಸರು ಉಳಿಯಿತು, ಬಾಬಾ ಜಾನ್‌ನ ಹೆಸರು ಮುಳುಗಿತು. ನಿನ್ನೆಯವರೆಗೆ ಹೇಡಿಯಾಗಿದ್ದವನು ಇವತ್ತು ಕಳ್ಳನಾದ, ಅದೂ ಅವಳು ತಂದ ಸಾಕ್ಷಿಯಿಂದಲೇ. ಕುಲ್ಸುಂ ಬೀಗೆ ಈ ಸುದ್ದಿಯನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ಶೆಡ್ಡಿನಲ್ಲಿ ಕೋಳಿಗೆ ನೆಗಡಿಯಾದರೆ ಊಟ ಬಿಡುತ್ತಿದ್ದ ಮನುಷ್ಯ ಅವುಗಳನ್ನು ಮಾರಿಕೊಂಡ ಎಂದರೆ ಫಾತಿಮುನ್ನೀಸಾ ನಂಬಲಾರಳು. ನಂಬಲಾರೆ ಅಂದರೆ ಸಾಕೇ? ಹೊನ್ನಯ್ಯನವರಿಗೆ ಬೇಕಾದದ್ದು ಸಾಕ್ಷಿ.

ಅವಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೇರೆ ದಾರಿ ಕಾಣದೆ, ಕೈಯಲ್ಲಿದ್ದ ಹೋಳನ್ನೇ ದಿಟ್ಟಿಸಿದಳು.

ಹಳದಿಯ ಅಂಚಿನಲ್ಲಿ ಇನ್ನೊಂದು ಗೆರೆಯಿತ್ತು. ಜಾಸ್ತಿ ಬೆಂದ ಮೊಟ್ಟೆಯಲ್ಲಿ ಹಳದಿಯ ಸುತ್ತ ಹಸಿರು ಮಿಶ್ರಿತ ಕಪ್ಪು ಬರುವುದುಂಟು. ಮೊದಲು ಅದನ್ನು ಅವಳು ಹಾಗೆಂದೇ ತಿಳಿದಿದ್ದಳು. ಬಿಸಿಲಿಗೆ ಹಿಡಿದು ನೋಡಿದಳು. ಹಸಿರಲ್ಲ, ಕೆಂಪು. ಅದರ ಹೊರಗೆ ತೆಳ್ಳಗೆ ಒಂದು ಪದರ ಹಳದಿ, ಆಮೇಲೆ ಬಿಳಿ.

ಇನ್ನೊಂದು ಮೊಟ್ಟೆ ಕುಯ್ದಳು. ಅದರಲ್ಲೂ ಎರಡು ಬಳೆ. ಮತ್ತೊಂದರಲ್ಲೂ ಎರಡು.

ನಡುವಿನ ಚಿಕ್ಕ ಬಳೆ ಕಳೆದ ಬುಧವಾರದ್ದು, ಅದು ಅವಳು ಕೊಡಿಸಿದ ಗುಳಿಗೆ. ಅಂಚಿನ ಬಳೆ ಈ ವಾರದ್ದು. ಈ ಸೋಮವಾರವೋ ಮಂಗಳವಾರವೋ ಯಾರೋ ಈ ಬೀಗದ ಶೆಡ್ಡಿನೊಳಗೆ ಕೂತು ಕೋಳಿಗಳಿಗೆ ಮತ್ತೆ ಕೆಂಪು ಗುಳಿಗೆ ತಿನ್ನಿಸಿದ್ದರು. ಮಿಕ್ಕ ಗುಳಿಗೆಗಳನ್ನು ತನ್ನ ಜೇಬಿಗೆ ಹಾಕಿಕೊಂಡು ಹೋಗಿದ್ದವನು ಒಬ್ಬನೇ. ಬೊಂಬಾಯಿಗೆ ಹೋದವನ ಕೆಲಸವಲ್ಲ ಇದು. ತೊಟ್ಟಿಯ ಆ ಫೀಡು ಕಲಸಲೆಂದೇ ಅವನನ್ನು ಇಲ್ಲಿ ಕೂಡಿಹಾಕಿದ್ದಿರಬೇಕು. ಮೊಟ್ಟೆ ಹೊರಗೆ ಹೋಗುತ್ತದೆ, ಎಲ್ಲಾದರೂ ಯಾರಾದರೂ ಕುಯ್ಯುತ್ತಾರೆ, ಡಾಕ್ಟರಮ್ಮನಿಗೆ ತಿಳಿಯುತ್ತದೆ ಎಂದು ನಂಬಿ ಬಾಬಾ ಜಾನ್ ತನಗೆ ಉಳಿದಿದ್ದ ಒಂದೇ ಬಾಯಿಂದ ಕೂಗಿದ್ದ. ಅವಳ ಕಣ್ಣು ತುಂಬಿ ಬಂತು. ಜೊತೆಗೇ ಸಿಟ್ಟು ನೆತ್ತಿಗೇರಿತು.

ತಲೆ ಎತ್ತಿದಾಗ ಚನ್ನವೀರಯ್ಯ ಪಕ್ಕದಲ್ಲೇ ನಿಂತಿದ್ದರು. ಇಷ್ಟು ಹೊತ್ತು ಮೊಟ್ಟೆಯ ಹತ್ತಿರ ಬರದವರು ಈಗ ಬಗ್ಗಿ ಅವಳ ಕೈಯನ್ನೇ ನೋಡುತ್ತಿದ್ದರು. ಹೊಂಬಾಳಮ್ಮ ಎದ್ದು ಹೋಗಿದ್ದಳು.

"ಎರಡಿದಾವೆ," ಅಂದರು.

"ಎರಡಿದಾವೆ. ನೀವು ರೈಲು ಹತ್ತಿಸ್ದೋನು ಈ ವಾರ ಇಲ್ಲೇ ಇದ್ದ. ಎಲ್ಲಿದಾನೆ?"

ಅವರು ಜೀಪಿನ ಕಡೆ ಒಮ್ಮೆ ನೋಡಿದರು. ಹೊನ್ನಯ್ಯ ಇವರಿಗೆ ಬೆನ್ನು ಮಾಡಿಕೊಂಡು ಪೇದೆಗೆ ಏನೋ ಬರೆಸುತ್ತಿದ್ದರು. ಚನ್ನವೀರಯ್ಯನವರ ದನಿ ತಗ್ಗಿತು, ಮಗಳಿಗೆ ಬುದ್ಧಿ ಹೇಳುವಷ್ಟು ಮೆತ್ತಗಾಯಿತು.

"ನಿನ್ ಹೆಸ್ರು ನಿನಗೆ ಸಿಕ್ತಲ್ಲಮ್ಮ. ಕೋಳೀನೂ ತಗಂಡೋಗು. ಅವ್ನು ಇನ್ನೂ ಉಸಿರಾಡ್ಬೇಕು ಅಂತಿದ್ರೆ ಆ ಮೊಟ್ಟೇನ ಒಲೆಗಾಕ್ಬುಡು. ನೀನು ಬಾಯಿ ಬಿಟ್ರೆ ಅವ್ನು ಎಲ್ಲೂ ಸಿಕ್ಕಲ್ಲ. ಆಮೇಲೆ ಅವ್ನ ಹೆಂಡ್ತಿಗೆ ನೀನೇ ಉತ್ತರ ಹೇಳ್ಬೇಕಾಯ್ತದೆ."

ಬಾಬಾ ಜಾನ್ ಬದುಕಿದ್ದಾನೆ ಎಂಬುದು ಅವಳ ಕಿವಿಗೆ ಮೊದಲು ಬಿದ್ದ ಮಾತು. ಬೆದರಿಕೆ ಆಮೇಲೆ ಬಿತ್ತು. ಒಲೆಯ ಕೆಂಡ ಅವಳ ಕೈಯಳತೆಯಲ್ಲೇ ಇತ್ತು. ಹೋಳನ್ನು ಅದಕ್ಕೆ ಹಾಕಿದರೆ ಎಲ್ಲರೂ ಸುಖವಾಗಿ ಮನೆಗೆ ಹೋಗಬಹುದು. ಕುಲ್ಸುಂ ಬೀ ಜೀವನಪೂರ್ತಿ ಬಾಗಿಲು ಮುಚ್ಚಿಕೊಂಡು ಕಳ್ಳನ ಹೆಂಡತಿಯಾಗಿ ಕೂರಬಹುದು. ಕಂಡದ್ದನ್ನೆಲ್ಲ ಕಂಡ ಒಬ್ಬ ಮನುಷ್ಯನನ್ನು, ತಾನು ಬಾಯಿ ಮುಚ್ಚಿದ ಮೇಲೆ, ಇವರು ಎಷ್ಟು ದಿನ ಅನ್ನ ಹಾಕಿ ಸಾಕುತ್ತಾರೆ?

"ಅವನು ಬಾಯಿ ಬಿಟ್ಟಾಯ್ತಲ್ಲ ಯಜಮಾನ್ರೇ," ಅಂದಳು ಫಾತಿಮುನ್ನೀಸಾ. "ಇನ್ನು ನಾನ್ಯಾಕೆ ಮುಚ್ಲಿ?"

ಅವಳು ಎದ್ದು ನಿಂತಳು. ಮೂರೂ ಮೊಟ್ಟೆಗಳ ಹೋಳುಗಳನ್ನು ಸೆರಗಿನಲ್ಲಿ ಗಂಟು ಹಾಕಿ, ತೋಟವೆಲ್ಲ ಕೇಳುವ ಹಾಗೆ ಹೊನ್ನಯ್ಯನವರ ಹೆಸರು ಹಿಡಿದು ಕೂಗಿದಳು.

ಹೊನ್ನಯ್ಯ ತಿರುಗಿದರು. ಅಷ್ಟರಲ್ಲಿ ಶೆಡ್ಡುಗಳ ಆಚೆ, ತೋಟದ ಹಿಂದಿನ ಗೇಟಿನ ಕಡೆಯಿಂದ, ಲಾರಿಯೊಂದು ಸ್ಟಾರ್ಟ್ ಆದ ಸದ್ದು ಕೇಳಿಸಿತು. "ಬಾಬಾ ಜಾನ್ ಅದ್ರಲ್ಲಿದಾನೆ ಸರ್!" ಎನ್ನುತ್ತ ಅವಳು ಆ ಕಡೆಗೇ ಓಡಿದಳು.